ಕುದುರೆಗೆ ಆರು ಗುಳಿಗೆ

ಅಂಬಣ್ಣನಿಗೆ ಎರಡನೇ ಕುದುರೆ ಇರಲಿಲ್ಲ. ಇದ್ದ ಒಂದಕ್ಕೆ ಬಾಲದ ಬುಡದಲ್ಲಿ ಕೂದಲಿರಲಿಲ್ಲ.

ಅದು ಹಿಂಗಾಲು ಅಗಲಿಸಿ ನಿಂತು, ಜಾಲಿ ಮರದ ಬೊಡ್ಡೆಗೆ ಹಿಂಭಾಗ ಒತ್ತಿ ಒಂದೇ ಸಮ ತಿಕ್ಕುತ್ತಿತ್ತು. ತಿಕ್ಕಿದ ಕಡೆ ತೊಗಟೆ ಸವೆದು ಮರ ನುಣ್ಣಗಾಗಿತ್ತು. ಸೀಳುಗಳಲ್ಲಿ ಕೆಂಪು ಕೂದಲು ಸಿಕ್ಕಿಕೊಂಡಿತ್ತು, ಕೂದಲಿಗೆ ರಕ್ತ ಅಂಟಿತ್ತು. ಸೂರ್ಯ ಬೋನಾಳ ಕೆರೆಯ ಆಚೆ ದಂಡೆಗೆ ಇಳಿದಿದ್ದ. ಹಕ್ಕಿಗಳು ಗುಂಪು ಗುಂಪಾಗಿ ನೀರಿಗೆ ಇಳಿಯುತ್ತಿದ್ದವು. ಗಾಳಿ ಬಿದ್ದುಹೋಗಿತ್ತು.

ಅಂಬಣ್ಣನ ಅಕ್ಕ ಹಣಮಮ್ಮ ಬಲೆಯ ಹಟ್ಟಿಯ ಬಾಯಲ್ಲಿ ನಿಂತು ಕುರಿ ಎಣಿಸುತ್ತಿದ್ದಳು. ಜೋಡಿ ಜೋಡಿಯಾಗಿ ಒಳಗೆ ಬಿಟ್ಟುಕೊಳ್ಳುವುದು, ಇಪ್ಪತ್ತಾದ ಕೂಡಲೇ ಕೈಯಲ್ಲಿನ ಒಂದು ಹರಳನ್ನು ಮಡಿಲಿಗೆ ಹಾಕಿಕೊಳ್ಳುವುದು. ಏಳು ಹರಳು, ಮೇಲೆ ಆರು. ನೂರಾ ನಲವತ್ತಾರು. ಅವುಗಳಲ್ಲಿ ನಲವತ್ತು ಅವಳವು, ಎಡಗಿವಿ ಸೀಳಿದವು. ಗಂಡ ಸತ್ತ ವರ್ಷ ಎಂಟು ಕುರಿ ಹೊಡೆದುಕೊಂಡು ದೋರನಹಳ್ಳಿಯ ತವರಿಗೆ ಬಂದವಳು, ಹತ್ತೊಂಬತ್ತು ವರ್ಷಗಳಲ್ಲಿ ಅವನ್ನು ನಲವತ್ತು ಮಾಡಿದ್ದಳು. ಅವಳಿಗೆ ಹೊಲವಿಲ್ಲ, ಮಕ್ಕಳಿಲ್ಲ. ಕೇಳಿದವರಿಗೆ ಎಡಗಿವಿ ತೋರಿಸುತ್ತಿದ್ದಳು.

ಎಣಿಕೆ ಮುಗಿಸಿ, ಹರಳುಗಳನ್ನು ಸಣ್ಣ ಚೀಲಕ್ಕೆ ಹಾಕಿ ಸೊಂಟಕ್ಕೆ ಸಿಕ್ಕಿಸಿಕೊಂಡು ಕುದುರೆಯ ಕಡೆ ನೋಡಿದಳು.

"ಇವತ್ತಿಗಿ ಎರಡು ಸಂಜಿ ಆತು. ನಾಳಿ ಹಟ್ಟಿ ಕೀಳೂಣು."

"ಬಂದು ಐದು ದಿನ ಆಗ್ಯಾವ," ಎಂದ ಅಂಬಣ್ಣ. "ಭೀಮರಾಯ ಗೌಡ್ರಿಗಿ ಹದಿನೈದು ದಿನ ಅಂತ ಮಾತ ಕೊಟ್ಟೀನಿ."

"ಮಾತ ನೀ ಕೊಟ್ಟಿ. ಕುದುರಿ ಕೊಟ್ಟಿಲ್ಲ."

ಹೆಸರುಕಾಳಿನ ಬೆಳೆ ಕಿತ್ತ ಹೊಲದಲ್ಲಿ, ಹಿಂಗಾರಿ ಜೋಳ ಬಿತ್ತುವ ಮುನ್ನ, ಕುರಿ ತರುಬಿಸಿಕೊಳ್ಳುವುದು ಈ ಕಡೆಯ ರೈತರ ರೂಢಿ. ರಾತ್ರಿಯೆಲ್ಲ ಕುರಿ ಮಲಗಿದ ಹೊಲಕ್ಕೆ ಹಿಕ್ಕೆ, ಗಂಜಲ ಬೀಳುತ್ತದೆ. ಕುರಿಯವರಿಗೆ ಜೋಳ ಸಿಗುತ್ತದೆ, ಕೆರೆಯ ದಂಡೆಯ ಹುಲ್ಲು ಸಿಗುತ್ತದೆ. ಅಂಬಣ್ಣನ ಕುರಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಗಬ್ಬವಾಗಿದ್ದವು. ಅವಕ್ಕೆ ಈಗ ಹುಲ್ಲು ಬೇಕಿತ್ತು, ನಡಿಗೆ ಬೇಡವಾಗಿತ್ತು. ಇದು ಹಣಮಮ್ಮನಿಗೂ ಗೊತ್ತಿತ್ತು.

ಆದರೆ ಅವರ ಅಪ್ಪನದೊಂದು ಕಟ್ಟಳೆ ಇತ್ತು. ಕುದುರೆ ಎರಡು ಸಂಜೆ ಬಾಲ ತಿಕ್ಕಿದರೆ ಮೂರನೇ ಸಂಜೆ ಆ ಜಾಗದಲ್ಲಿ ಒಲೆ ಹೊತ್ತಿಸಬಾರದು. ಯಾಕೆ ಅಂತ ಅವನು ಹೇಳಿರಲಿಲ್ಲ, ಅವನ ಅಪ್ಪನೂ ಅವನಿಗೆ ಹೇಳಿರಲಿಲ್ಲ. ತಿಕ್ಕಿದ ಜಾಗದಲ್ಲಿ ಕುರಿ ಉಳಿಯುವುದಿಲ್ಲ, ಅಷ್ಟೆ.

"ಕೀಳೂದು ಅಂದ್ರ ಹೇರು ಯಾರು ಹೊರ್ತಾರ?" ಎಂದ ಅಂಬಣ್ಣ. "ಇದರ ಹೆಗಲ ನೋಡಿಯೇನು? ಜೀನು ಇಟ್ರ ತೊಗಲು ಕಿತ್ತು ಬರ್ತದ. ಬಲಿ, ಭಾಂಡಿ, ಹುಟ್ಟಿದ ಎರಡು ಮರಿ. ನೀ ಹೊರ್ತಿ?"

ಹಣಮಮ್ಮ ಹತ್ತಿರ ಹೋಗಿ ನೋಡಿದಳು. ಕುತ್ತಿಗೆ ಹೆಗಲಿಗೆ ಸೇರುವಲ್ಲಿ ಜೂಲೂ ಉದುರಿ, ಅಂಗೈಯಷ್ಟು ಜಾಗ ಹಸಿಯಾಗಿ ಹೊಳೆಯುತ್ತಿತ್ತು. ಹೇರು ಕೂರುವುದು ಅಲ್ಲಿಯೇ.

ಏರಿಯ ಮೇಲಿಂದ ಲಾಲಪ್ಪನ ದನಿ ಬಂತು. ಅವನು ಏರಿಯ ಆಚೆ ಇನ್ನೂರ ಹತ್ತು ಕುರಿ ತರುಬಿದ್ದ. ಅವನ ಹತ್ತಿರ ಎರಡು ಕುದುರೆ ಇದ್ದವು, ಎರಡೂ ಚೊಕ್ಕ ಮೈಯವು, ಯಾವತ್ತೂ ಏನನ್ನೂ ತಿಕ್ಕಿದವಲ್ಲ. ಹಾಗಾಗಿ ಅವನು ದಿನಾ ಸಂಜೆ ಏರಿ ಹತ್ತಿ ಅಂಬಣ್ಣನ ಕುದುರೆಯನ್ನೇ ಕೇಳುತ್ತಿದ್ದ.

"ಏನಂತದ್ಲೇ ನಿನ್ನ ಗುಲಾಬಿ?"

"ತಿಕ್ಕಾಕತ್ತದ."

"ಕೀಳ್ತೀರೇನು ಹಂಗಾದ್ರ?"

"ನಾಳಿ ದವಾಖಾನಿಗಿ ಒಯ್ದು ನೋಡ್ತೀನಿ."

"ನೋಡು. ನೀ ಕಿತ್ತಿ ಅಂದ್ರ ನಾನೂ ಕೀಳ್ತೀನಿ. ಒಂದು ಗಂಟು ಕಟ್ಟಿಟ್ಟೀನಿ."

ಬೆಳಕು ಹರಿಯುವ ಮೊದಲೇ ಅಂಬಣ್ಣ ಕುದುರೆ ಹಿಡಿದುಕೊಂಡು ಸುರಪುರಕ್ಕೆ ನಡೆದ. ದನದ ದವಾಖಾನೆಯ ಬೇವಿನ ಮರದ ಕೆಳಗೆ ಆಗಲೇ ಎರಡು ಎಮ್ಮೆ, ಒಂದು ಹಿಂಡು ಮೇಕೆ ನಿಂತಿದ್ದವು. ಎಮ್ಮೆ ಹಿಡಿದವನೊಬ್ಬ ಗುಲಾಬಿಯ ಹಿಂಭಾಗ ನೋಡಿ, "ಬಾಲ ಬೋಳಿಸಿಕೊಂಡು ಬಂದಾದ. ಹರಕಿ ಏನರೆ ಇತ್ತೇನಪಾ?" ಎಂದ. ಮೇಕೆಯವರು ನಕ್ಕರು. ಅಂಬಣ್ಣ ಕುದುರೆಯ ಮುಖವನ್ನು ಅವರ ಕಡೆ ತಿರುಗಿಸಿ ನಿಲ್ಲಿಸಿದ.

ಡಾಕ್ಟರ್ ಬಸವೇಶ್ವರಿ ಆ ದವಾಖಾನೆಗೆ ಬಂದು ಎರಡು ವರ್ಷವಾಗಿತ್ತು. ಕುದುರೆಯ ಹಿಂದೆ ನಿಲ್ಲಲು ಹೆದರುತ್ತಿರಲಿಲ್ಲ. ಬಾಲ ಎತ್ತಿ, ಹೊಟ್ಟೆಯ ಕೆಳಗೆ ಬಗ್ಗಿ, ಕಿವಿಯ ಒಳಗೆ ಬೆರಳು ಹಾಕಿ ನೋಡಿದಳು.

"ವರ್ಷಾ ಹಿಂಗೇ ಆಗ್ತದೇನು?"

"ಮಳಿಗಾಲಕ್ಕೊಮ್ಮೆ ಬರ್ತದ್ರಿ. ಬ್ಯಾಸಗಿಯಾಗ ತಾನೇ ಮಾಯ್ತದ."

"ಸಂಜಿಮುಂದ ಜಾಸ್ತಿ?"

"ಹೌದ್ರಿ. ಹಟ್ಟಿ ನೀರಿನ ದಂಡಿಗಿ ಇದ್ರಂತೂ ಬಾಳ."

"ಇದು ನುಸಿ ಕಡಿತದ ಅಲರ್ಜಿ," ಎಂದಳು. "ಕಣ್ಣಿಗೂ ಸರಿಯಾಗಿ ಕಾಣಂಗಿಲ್ಲ, ಅಷ್ಟು ಸಣ್ಣ ನುಸಿ. ಎಲ್ಲಾ ಕುದುರಿಗೂ ಕಡಿತಾವ. ಇದರ ಮೈಗಿ ಮಾತ್ರ ಆಗಂಗಿಲ್ಲ, ಹಿಂಗ ತುರಸ್ತದ."

ಅಂಬಣ್ಣನಿಗೆ ಆ ಮಾತು ಹಿಡಿಸಿತು. ಇದರ ಮೈಗೆ ಮಾತ್ರ. ಅಕ್ಕನಿಗೆ ಹೇಳಬೇಕು ಅಂದುಕೊಂಡ.

ಆಕೆ ಎದೆಯ ಸುತ್ತ ಟೇಪು ಹಿಡಿದು ತೂಕ ಅಂದಾಜು ಮಾಡಿದಳು. ನೂರಾ ಎಂಬತ್ತು ಕಿಲೋ. ಕುತ್ತಿಗೆಗೆ ಒಂದು ಇಂಜೆಕ್ಷನ್ ಕೊಟ್ಟಳು. ಹುಣ್ಣಿಗೆ ಮುಲಾಮು ಹಚ್ಚಿ, ಚೀಟಿ ಬರೆದಳು.

"ನೆಗಡಿಗೆ, ಮೈಮ್ಯಾಲ ಗಂಧಿ ಎದ್ದು ತುರಿಸಿದ್ರ ಮಂದಿ ತಗೋತಾರಲ್ಲ, ಅದೇ ಗುಳಗಿ. ನಾಳಿಂದ ಮುಂಜಾನಿ ಆರು, ಸಂಜಿ ಆರು. ಜರಾ ಮಂಕಾಗ್ತದ, ಹೆದರಬ್ಯಾಡ್ರಿ. ಆದ್ರ ಒಂದು ತಿಳಕೋರಿ. ಇದು ತುರಿಕಿ ಕಮ್ಮಿ ಮಾಡ್ತದ. ನುಸಿ ಕಡಿಯೂದು ನಿಲ್ಲಂಗಿಲ್ಲ. ನೀರು ಬಿಟ್ಟು ಗಾಳಿ ಇರೋ ಕಡಿ ಹೋಗೂದು ಚಲೋ."

"ಹೂಂ ರೀ."

"ಕುರಿ ಎಷ್ಟದಾವ ನಿಮ್ಮವು?"

"ನೂರಾ ನಲವತ್ತಾರು."

"ನೀಲಿ ನಾಲಿಗಿ ಲಸಿಕಿ ಹಾಕ್ಸೀರಿ?"

ಆಷಾಢದಲ್ಲಿ ಲಸಿಕೆಯವರು ದೋರನಹಳ್ಳಿಗೆ ಬಂದಿದ್ದರು. ಅಂಬಣ್ಣ ಕುರಿ ಹೊಡೆದುಕೊಂಡು ಹೋಗಿಯೂ ಇದ್ದ. ಆ ಸೂಜಿಗೆ ಗಬ್ಬ ನಿಲ್ಲುವುದಿಲ್ಲ ಅಂತ ಯಾರೋ ಅಂದರು. ಅರ್ಧ ದಾರಿಯಿಂದ ತಿರುಗಿ ಬಂದಿದ್ದ. ಅದಕ್ಕೂ ಮೊದಲು ಕರುಳು ಬೇನೆಯ ಸೂಜಿ ಮಾತ್ರ ಹಾಕಿಸಿದ್ದ. ಈಗ ಎಮ್ಮೆಯವನು, ಮೇಕೆಯವರು ಇತ್ತ ಕಡೆ ಕಿವಿ ಕೊಟ್ಟು ನಿಂತಿದ್ದರು. ಕರುಳು ಬೇನೆಯದೂ ಒಂದು ಸೂಜಿಯೇ.

"ಹಾಕ್ಸೀನ್ರಿ," ಎಂದ.

ಇಲ್ಲ ಅಂದಿದ್ದರೆ ಆಕೆ ಇನ್ನೂ ನಾಲ್ಕು ಮಾತು ಹೇಳುತ್ತಿದ್ದಳು. ಹಾಕಿಸಿದ್ದೇನೆ ಅಂದದ್ದಕ್ಕೆ ಪುಸ್ತಕ ಮುಚ್ಚಿ, "ಎಮ್ಮಿ ಯಾರದು?" ಎಂದಳು.

ಗುಳಿಗೆಯನ್ನು ದಾರಿಯಲ್ಲಿ ವಿಶ್ವರಾಧ್ಯನ ಔಷಧಿ ಅಂಗಡಿಯಲ್ಲಿ ಕೊಂಡ. ವಿಶ್ವರಾಧ್ಯ ಚೀಟಿಯನ್ನು ಎರಡು ಸಲ ಓದಿ ಕನ್ನಡಕದ ಮೇಲಿಂದ ನೋಡಿದ.

"ಅರವತ್ತು? ಇಡೀ ಊರಿಗೇ ನೆಗಡಿ ಬಂದದೇನು?"

"ಕುದುರಿಗಿ."

"ಕುದುರಿ ಸೀನ್ತದ?"

"ತಿಕ್ಕೋತದ."

"ನಮ್ಮನಿಯಾಕಿ ಇದು ಒಂದು ತಗೊಂಡ್ರ ಒಲಿ ಮ್ಯಾಲ ಹಾಲು ಉಕ್ಕಿದ್ರೂ ಏಳಂಗಿಲ್ಲ. ನೀ ಆರು ಹಾಕ್ತಿ. ಆಮ್ಯಾಲ ಕುದುರಿನ್ನ ನೀನೇ ಹೊತಗೊಂಡು ಹೋಗಬೇಕಾಗ್ತದ ನೋಡು."

ಕುದುರೆ ಬೀಳಲಿಲ್ಲ. ಆ ಸಂಜೆ ಜಾಲಿ ಮರದ ಕೆಳಗೆ ತಲೆ ತಗ್ಗಿಸಿ, ಕೆಳತುಟಿ ಜೋಲಿಸಿ, ಒಂದು ಹಿಂಗಾಲು ಮಡಿಸಿ ನಿಂತಿತು. ಮರದ ಕಡೆ ತಿರುಗಿಯೂ ನೋಡಲಿಲ್ಲ. ಅಂಬಣ್ಣ ಬೀಡಿ ಹೊತ್ತಿಸಿಕೊಂಡು ಅದರ ಮುಂದೆಯೇ ಕುಂತ. ಮೂರು ಮಳೆಗಾಲದಿಂದ ಆ ಕುದುರೆ ಸುಮ್ಮನೆ ನಿಂತದ್ದನ್ನು ಅವನು ಕಂಡಿರಲಿಲ್ಲ.

ಹಣಮಮ್ಮ ಹರಳು ಎಣಿಸಿ ಬಂದಳು. ಬಗ್ಗಿ ಕುದುರೆಯ ಹೊಟ್ಟೆಯ ಕೆಳಗೆ ಅಂಗೈ ಆಡಿಸಿದಳು. ಕೈ ಹೊರಗೆ ತೆಗೆದು ತಮ್ಮನ ಮುಂದೆ ಹಿಡಿದಳು. ಅಂಗೈಯಲ್ಲಿ ಕರಿ ಎಳ್ಳು ಜಜ್ಜಿದಂತೆ ಕಲೆಗಳಿದ್ದವು. ಕಲೆಗಳ ಸುತ್ತ ರಕ್ತ.

"ನುಸಿ ಹೋಗಿಲ್ಲ," ಎಂದಳು.

"ಹೋಗಂಗಿಲ್ಲ ಅಂತ ಡಾಕ್ಟರಮ್ಮನೂ ಹೇಳ್ಯಾಳ. ಎಲ್ಲಾ ಕುದುರಿಗೂ ಕಡಿತಾವಂತ. ಇದರ ಮೈಗಿ ಮಾತ್ರ ಆಗಂಗಿಲ್ಲಂತ. ರೋಗ ಕುದುರಿದು ಅಕ್ಕ, ಜಾಗದ್ದಲ್ಲ."

"ನಸೀರುದ್ದೀನನ ಹಂತ್ಯಾಕ ಅವತ್ತು ಎರಡು ಕುದುರಿ ಇದ್ದವು. ನಿನಗ ನೆನಪದ?"

ಸುರಪುರದಲ್ಲಿ ಟಾಂಗಾ ಹೊಡೆಯುತ್ತಿದ್ದ ನಸೀರುದ್ದೀನ ಟಾಂಗಾ ಮಾರಿದ ವರ್ಷ ಕುದುರೆಗಳನ್ನೂ ಮಾರಿದ್ದ. ಅವತ್ತು ಅಂಬಣ್ಣನಿಗೆ ಜ್ವರ. ಆರಿಸಲು ಹೋದವಳು ಹಣಮಮ್ಮ.

"ಇನ್ನೊಂದು ಕರೀದು ಚೊಕ್ಕ ಇತ್ತು," ಎಂದಳು. "ಈಕಿ ಬಾಲ ಅವತ್ತೂ ಹಿಂಗೇ ಇತ್ತು. ಇದು ಬ್ಯಾಡಮ್ಮಾ, ಮಳಿಗಾಲದಾಗ ಕೆರಕೋತದ ಅಂತ ಆ ಪುಣ್ಯಾತ್ಮ ಬಾಯಿಬಿಟ್ಟು ಹೇಳಿದ. ನಾನೇ ಇದು ಬೇಕು ಅಂದೆ. ಅಪ್ಪ ಎಂದಾದ್ರೂ ಚೊಕ್ಕ ಕುದುರಿ ಕಟ್ಯಾನೇನು? ಮಂದಿ ನಗತಿದ್ರು. ಆತ ಹುಡುಕಿ ಹುಡುಕಿ ಕೆರಕೊಳ್ಳೋದೇ ತರ್ತಿದ್ದ. ಅದು ಹೇಳ್ತದಂತ."

ಅಂಬಣ್ಣ ಬೀಡಿ ನೆಲಕ್ಕೆ ಒತ್ತಿ ಆರಿಸಿದ.

"ನಮಗ ಹೇಳಾಕ ಅದಕ್ಕ ಹುಣ್ಣ ಆಗಬೇಕೇನು? ಬಾಯಿಲ್ಲದ ಜೀವ."

ಹಣಮಮ್ಮ ಕುದುರೆಯ ಹೆಗಲಿನ ಹುಣ್ಣಿನ ಮೇಲೆ ಕೂತ ನೊಣ ಓಡಿಸಿದಳು. "ಹುಣ್ಣ ಮಾಯಲಿ. ಮಾದ ಮರುದಿನ ಗುಡ್ಡಕ್ಕ ಹೊಂಡೂಣು," ಎಂದಳು.

"ಹೊಂಡೂಣು," ಎಂದ ಅಂಬಣ್ಣ.

ಏರಿಯ ಮೇಲೆ ಲಾಲಪ್ಪ ಬಂದು ನಿಂತ.

"ಏನಂತದ ಕುದುರಿ?"

"ತಿಕ್ಕಾಕತ್ತಿಲ್ಲ."

"ಒಟ್ಟ?"

"ಒಟ್ಟ ಇಲ್ಲ. ನೋಡು ಬೇಕಾದ್ರ."

ಲಾಲಪ್ಪ ಕೈಯನ್ನು ಹಣೆಗೆ ಅಡ್ಡ ಹಿಡಿದು ನೋಡಿದ. ಕುದುರೆ ನಿದ್ದೆಗಣ್ಣಲ್ಲಿ ನಿಂತಿತ್ತು. "ಭೇಷ್," ಎಂದ. ಅವನು ಏರಿ ಇಳಿದು ಹೋಗಿ ಕಟ್ಟಿಟ್ಟ ಗಂಟು ಬಿಚ್ಚಿದ. ಗುಳಿಗೆಯ ಮಾತು ಅಂಬಣ್ಣ ಎತ್ತಲಿಲ್ಲ. ಲಾಲಪ್ಪ ಕೇಳಿರಲಿಲ್ಲ. ಕೇಳಿದ್ದರೂ ಕುದುರೆಗೆ ನೆಗಡಿ ಗುಳಿಗೆ ತಿನ್ನಿಸುತ್ತಾನೆ ಅಂತ ಎರಡು ತಾಲೂಕಿಗೆ ಸಾರಿ ನಗುತ್ತಿದ್ದ.

ಮುಂಜಾನೆ ಆರು, ಸಂಜೆ ಆರು. ಹಣಮಮ್ಮ ಗುಳಿಗೆಗಳನ್ನು ಬೆಲ್ಲದಲ್ಲಿ ಜಜ್ಜಿ, ರೊಟ್ಟಿಯಲ್ಲಿ ಸುತ್ತಿ ತಿನ್ನಿಸುತ್ತಿದ್ದಳು. ಅದು ಅವಳ ಕೈಯಿಂದ ಮಾತ್ರ ತಿನ್ನುತ್ತಿತ್ತು. ತೀರಿದಾಗಲೆಲ್ಲ ಅಂಬಣ್ಣ ಸುರಪುರದಿಂದ ಮತ್ತೆ ತರುತ್ತಿದ್ದ. ಮೂರನೇ ದಿನಕ್ಕೆ ಹುಣ್ಣು ಒಣಗಿತು. ಆರನೇ ದಿನ ಹೆಕ್ಕಳ ಕಟ್ಟಿತು. ಎಂಟನೇ ದಿನ ಹೆಕ್ಕಳ ಉದುರಿ, ಅದರ ಕೆಳಗೆ ತೆಳ್ಳನೆಯ ಕೂದಲು, ಹುಟ್ಟಿದ ಮರಿಯ ಮೈಯಂತೆ, ಕಾಣಿಸಿತು. ಅಂಬಣ್ಣ ದಿನಕ್ಕೆ ನಾಲ್ಕು ಸಲ ಅದನ್ನು ಸವರಿ ನೋಡುತ್ತಿದ್ದ. ದಿನಾ ಸಂಜೆ ಲಾಲಪ್ಪ ಏರಿ ಹತ್ತಿ ಕೇಳುತ್ತಿದ್ದ. ದಿನಾ ಅಂಬಣ್ಣ ತಿಕ್ಕಾಕತ್ತಿಲ್ಲ ಅನ್ನುತ್ತಿದ್ದ.

ಸಂಜೆಯ ಹೊತ್ತು ಕೆರೆಯ ಅಂಚಿನಲ್ಲಿ ನುಸಿ ಹೊಗೆಯ ಹಾಗೆ ಏಳುತ್ತಿತ್ತು. ಹಟ್ಟಿಯ ಮೇಲೆ ಬಂದು ತೂಗಾಡುತ್ತಿತ್ತು. ಅದಕ್ಕೆ ಸದ್ದಿರಲಿಲ್ಲ. ಕುರಿಗಳು ಮೂತಿಯನ್ನು ಒಂದರ ಹೊಟ್ಟೆಯ ಕೆಳಗೆ ಒಂದು ತೂರಿಸಿ ನಿಲ್ಲುತ್ತಿದ್ದವು. ಹಣಮಮ್ಮ ಬೇವಿನ ಸೊಪ್ಪು, ಒಣ ಹಿಕ್ಕೆ ಕೂಡಿಸಿ ಹೊಗೆ ಹಾಕುತ್ತಿದ್ದಳು. ಗಾಳಿಯಿಲ್ಲದ್ದರಿಂದ ಹೊಗೆ ನೆಟ್ಟಗೆ ಮೇಲೆ ಹೋಗುತ್ತಿತ್ತು.

ಹುಣ್ಣು ಮಾದ ದಿನ ಹಣಮಮ್ಮ ಗಂಟು ಕಟ್ಟಿದಳು. ಅದೇ ದಿನ ಭೀಮರಾಯ ಗೌಡರು ಹೊಲಕ್ಕೆ ಬಂದು, ಕೆಳಗಿನ ಹೊಲಕ್ಕೂ ಎಂಟು ದಿನ ತರುಬಿ ಹೋಗಿರಿ ಎಂದರು. ಕೆಳಗಿನ ಹೊಲ ನೀರಿಗೆ ಇನ್ನೂ ಹತ್ತಿರ. ಹುಲ್ಲು ಮೊಣಕಾಲುದ್ದ ಇತ್ತು. ಅಂಬಣ್ಣ ಅಕ್ಕನ ಮುಖ ನೋಡದೆ ಹೂಂ ಅಂದ.

"ಮಾದ ಮರುದಿನ ಹೊಂಡೂಣು ಅಂದಿದ್ದಿ," ಎಂದಳು ಹಣಮಮ್ಮ, ಗೌಡರು ಹೋದ ಮೇಲೆ.

"ಅಕ್ಕ, ಹೊಟ್ಟಿ ನೋಡು ಕುರೀದು. ಇನ್ನ ಎಂಟು ದಿನದಾಗ ಈಯಾಕ ಸುರು ಮಾಡ್ತಾವ. ಗುಡ್ಡದ ಮ್ಯಾಲ ಏನದ, ಕಲ್ಲು ತಿನ್ನಸ್ತಿ? ಅಪ್ಪನ ಮಾತು ಖರೆ ಅಂತೇ ಇಟ್ಕೋ. ತಿಕ್ಕಿದ್ರ ತಾನೇ ಕೀಳಬೇಕು? ಎಲ್ಲಿ ತಿಕ್ಕಾಕತ್ತದ? ನಿಂತದ ನೋಡು ಹ್ಯಾಂಗ, ಗೌಡರ ಮನಿ ಅಳಿಯನಂಗ."

"ಗುಳಗಿ ತಿಂದು ನಿಂತದ."

"ನಿಂತದಿಲ್ಲೋ?"

ಅವಳು ಕಟ್ಟಿದ ಗಂಟನ್ನು ಬಿಚ್ಚಲಿಲ್ಲ. ಅದನ್ನು ಹಾಗೇ ಎತ್ತಿಕೊಂಡು ಕೆಳಗಿನ ಹೊಲಕ್ಕೆ ಇಳಿದಳು.

ಕೆಳಗಿನ ಹೊಲದಲ್ಲಿ ನಾಲ್ಕು ಸಂಜೆ ಕಳೆದವು. ಐದನೇ ಸಂಜೆ ಅಂಬಣ್ಣ ನೀರು ತುಂಬಿಕೊಂಡು ಬರುವಾಗ ಸದ್ದು ಕೇಳಿಸಿತು. ಒಣ ಮರಕ್ಕೆ ಗರಗಸ ಎಳೆದಂಥ ಸದ್ದು. ಕೊಡ ಇಳಿಸಿ ನೋಡಿದ. ಗುಲಾಬಿ ತನ್ನನ್ನು ಕಟ್ಟಿದ ಗೂಟಕ್ಕೆ ಬಾಲ ಒತ್ತಿ ತಿಕ್ಕುತ್ತಿತ್ತು. ತಿಕ್ಕುವುದು ಬಿಟ್ಟು ಹಲ್ಲಿನಿಂದ ಪಕ್ಕೆ ಕಚ್ಚಿಕೊಂಡಿತು. ಮತ್ತೆ ತಿಕ್ಕಿತು. ಹೊಸ ಕೂದಲು ಆಗಲೇ ಅರ್ಧ ಹೋಗಿತ್ತು. ಗೂಟ ಅಲುಗುತ್ತಿತ್ತು.

"ಗುಳಗಿ ಕೊಟ್ಟಿಲ್ಲೇನು?"

ಹಣಮಮ್ಮ ಸೀರೆಯ ಸೆರಗಿನ ಗಂಟು ಬಿಚ್ಚಿದಳು. ಒಳಗೆ ಬಿಳಿ ಗುಳಿಗೆಗಳಿದ್ದವು. "ಮೊನ್ನಿ ಸಂಜಿಂದ ಕೊಟ್ಟಿಲ್ಲ. ಇಪ್ಪತ್ತನಾಲ್ಕು ಅದಾವ, ಎಣಿಸಿಕೋ."

"ತಲಿ ಸರಿ ಅದೇನು ನಿನಗ?"

"ಏನಂತದ ಕೇಳೂಣು ಅಂತ ಬಿಟ್ಟೆ. ಹೇಳಾಕತ್ತದ ನೋಡು. ಇಷ್ಟು ದಿನದ್ದು ಕೂಡಿಸಿ ಹೇಳಾಕತ್ತದ."

ಅಂಬಣ್ಣ ಗುಳಿಗೆಗೆ ಕೈ ಚಾಚಿದ. ಅವಳು ಕೊಡಲಿಲ್ಲ, ಬಚ್ಚಿಡಲೂ ಇಲ್ಲ. ಅಂಗೈಯಲ್ಲಿ ಹಾಗೇ ಹಿಡಿದುಕೊಂಡು ಹಟ್ಟಿಯ ಬಾಯಿಗೆ ಹೋಗಿ ನಿಂತಳು. ಹೊತ್ತು ಇಳಿದಿತ್ತು, ಎಣಿಸಬೇಕಿತ್ತು. ಆರು ಹರಳು ಮಡಿಲಿಗೆ ಬಿದ್ದವು. ಏಳನೆಯದೂ ಬಿತ್ತು. ಮೇಲೆ ಐದು.

ಒಂದು ಕುರಿ ಒಳಗೆ ಬಂದಿರಲಿಲ್ಲ. ಬಲೆಯಿಂದ ಹತ್ತು ಮಾರು ದೂರದಲ್ಲಿ, ಬೆನ್ನು ಬಾಗಿಸಿ, ನಾಲ್ಕು ಕಾಲನ್ನೂ ಒಂದೇ ಕಡೆ ಕೂಡಿಸಿ ನಿಂತಿತ್ತು. ಎಡಗಿವಿ ಸೀಳಿದ್ದು. ಮೊದಲ ಎಂಟರಲ್ಲಿ ಒಂದರ ಮೊಮ್ಮಗಳು. ಹಣಮಮ್ಮ ಹೋಗಿ ಮೈ ಮುಟ್ಟಿದಳು. ಕಾದ ಹಂಚಿನಂತಿತ್ತು. ತುಟಿ ಬಾತು ಮುಖವೇ ಬೇರೆಯಾಗಿತ್ತು. ಬಾಯಿಂದ ಜೊಲ್ಲು ಎಳೆಯಾಗಿ ನೆಲದವರೆಗೆ ಇಳಿದಿತ್ತು. ಗೊರಸಿನ ಮೇಲೆ ಕೆಂಪು ಗೆರೆ ಮೂಡಿತ್ತು.

ಅವಳು ದವಡೆ ಹಿಡಿದು ಬಾಯಿ ತೆರೆದಳು. ನಾಲಿಗೆ ದಪ್ಪಗಾಗಿ, ಹಲ್ಲಿನ ನಡುವೆ ಹೊರಗೆ ಬಂದಿತ್ತು. ನೇರಳೆ ಹಣ್ಣು ತಿಂದವರ ನಾಲಿಗೆಯ ಬಣ್ಣ.

ಅಂಬಣ್ಣ ಅಕ್ಕನ ಹಿಂದೆ ನಿಂತು ನೋಡಿದ. ದವಾಖಾನೆಯ ಬೇವಿನ ಮರ, ಎಮ್ಮೆ ಹಿಡಿದು ನಿಂತವನು, ತಾನು ಹಾಕಿಸಿದ್ದೇನೆ ಅಂದದ್ದು ಎಲ್ಲ ಒಂದೇ ಸಲ ನೆನಪಾಯಿತು. ಅಕ್ಕನಿಗೆ ಅದನ್ನು ಹೇಳಿರಲಿಲ್ಲ. ಈಗಲೂ ಹೇಳಲಿಲ್ಲ.

"ಏನಂತದ್ಲೇ ಕುದುರಿ?"

ಲಾಲಪ್ಪ ಏರಿಯ ಮೇಲೆ ಬಂದು ನಿಂತಿದ್ದ. ಗೂಟದ ಸದ್ದು ಅವನವರೆಗೂ ಹೋಗುತ್ತಿತ್ತು.

"ತಿಕ್ಕಾಕತ್ತದ," ಎಂದ ಅಂಬಣ್ಣ.

"ಇವತ್ತಿಂದ?"

ಲಾಲಪ್ಪ ಏರಿ ಇಳಿದು ಹೊಲ ದಾಟಿ ಬಂದ. ಕುರಿಯನ್ನು ನೋಡಿದ. ಹಣಮಮ್ಮನ ಅಂಗೈಯಲ್ಲಿದ್ದ ಗುಳಿಗೆಗಳನ್ನು ನೋಡಿದ.

"ಇದೇನದು?"

"ಕುದುರಿವು," ಎಂದಳು ಹಣಮಮ್ಮ. "ತಿಕ್ಕಬಾರದಂತ ಕೊಡೂದು."

"ಎಷ್ಟು ದಿನದಿಂದ?"

"ಸುರಪುರಕ್ಕ ಹೋಗಿ ಬಂದಾಗಿಂದ."

ಲಾಲಪ್ಪ ಅಂಬಣ್ಣನ ಕಡೆ ತಿರುಗಿದ. ದನಿ ಏರಿಸಲಿಲ್ಲ.

"ನಾ ದಿನಾ ಸಂಜಿ ಕೇಳತಿದ್ದೆ."

"ಕೇಳತಿದ್ದಿ."

"ತಿಕ್ಕಾಕತ್ತಿಲ್ಲ ಅಂದಿ."

"ತಿಕ್ಕತಿದ್ದಿಲ್ಲ."

ಲಾಲಪ್ಪ ಏರಿಯ ಕಡೆ ತಿರುಗಿದ. "ನನ್ನವೂ ನಾಲ್ಕು ಕುರಿ ಮುಂಜಾನಿಂದ ಮೇವು ಮುಟ್ಟಿಲ್ಲ," ಎಂದ. "ಹುಲ್ಲು ಜಾಸ್ತಿ ಆಗ್ಯಾದ ಅಂತ ತಿಳಕೊಂಡೆ." ಬಂದ ದಾರಿಯಲ್ಲಿ ಬೇಗ ಬೇಗ ನಡೆದು ಏರಿ ಹತ್ತಿದ. ಆಮೇಲೆ ಅವನು ಯಾವತ್ತೂ ಏನನ್ನೂ ಕೇಳಲು ಬರಲಿಲ್ಲ.

ಮರುದಿನ ಡಾಕ್ಟರ್ ಬಸವೇಶ್ವರಿ ಸ್ಕೂಟರಿನಲ್ಲಿ ಬಂದಳು. ಅಷ್ಟರಲ್ಲಿ ಒಂಬತ್ತು ಕುರಿಗಳ ಮೂತಿ ಬಾತಿತ್ತು. ಆಕೆ ಒಂದೊಂದರ ಬಾಯಿ ತೆರೆದು ನೋಡುತ್ತ ಹೋದಳು. ಒಂಬತ್ತನೆಯದನ್ನು ಬಿಟ್ಟು ಎದ್ದು ನಿಂತಾಗ ಆಕೆಯ ಕೈಯೆಲ್ಲ ಜೊಲ್ಲಾಗಿತ್ತು.

"ಲಸಿಕಿ ಹಾಕ್ಸೀನಿ ಅಂದಿದ್ರಿ."

"ಕರುಳು ಬ್ಯಾನಿದು ಹಾಕ್ಸಿದ್ದೆ ರೀ."

"ಅದು ಬ್ಯಾರೆ."

"ಹೌದ್ರಿ."

ಹಣಮಮ್ಮ ಕುರಿಯ ಬಾಯಿ ಒರೆಸುತ್ತಿದ್ದವಳು ಕೈ ನಿಲ್ಲಿಸಿದಳು. ತಮ್ಮನ ಕಡೆ ನೋಡಲಿಲ್ಲ. ಮತ್ತೆ ಒರೆಸಿದಳು.

"ಕುದುರಿಗಿ ಕಡಿಯೋ ನುಸಿನೇ ಕುರಿಗಿ ಈ ರೋಗ ಹಚ್ಚೂದು," ಎಂದಳು ಡಾಕ್ಟರ್. "ನೀವು ಇಲ್ಲ ಅಂದಿದ್ರ ಅವತ್ತೇ ಹೇಳತಿದ್ದೆ. ಈ ರೋಗಕ್ಕ ಔಷಧ ಇಲ್ಲ. ಜ್ವರಕ್ಕ, ಹುಣ್ಣಿಗೆ ಕೊಡ್ತೀನಿ. ಗಂಜಿ ಕುಡಸ್ರಿ. ನಡಿಯೋವನ್ನ ಇವತ್ತೇ ಗುಡ್ಡಕ್ಕ ಏರಸ್ರಿ, ಗಾಳಿ ಇರೋ ಕಡಿ. ನಡೀಲಾರದವು ಇಲ್ಲೇ ನೆರಳಾಗ ಇರಲಿ. ಏರಿ ಆಚಿಗಿನವು ಯಾರವು?"

"ಲಾಲಪ್ಪಂದು," ಎಂದ ಅಂಬಣ್ಣ.

"ಅವರು ಹಾಕ್ಸ್ಯಾರೇನು?"

"ಗೊತ್ತಿಲ್ರಿ. ನಾ ಕೇಳಿಲ್ಲ."

ಅವತ್ತು ಮಧ್ಯಾಹ್ನ ಗುಲಾಬಿಯ ಮೇಲೆ ಜೀನು ಹಾಕಿದರು. ಹೆಗಲು ಮಾದಿತ್ತು. ಬಲೆ, ಭಾಂಡೆ, ಎರಡೂ ಕಡೆ ಜಾಳಿಗೆಯಲ್ಲಿ ಮರಿ, ಎಲ್ಲವನ್ನೂ ಹೊತ್ತು ಒಂದು ಸಲವೂ ಎಡವದೆ ಗುಡ್ಡ ಹತ್ತಿತು. ಅಂಬಣ್ಣ ಕೆಳಗೆ ಉಳಿದ. ನಡೆಯಲಾರದವುಗಳಿಗೆ ಗಂಜಿ ಕುಡಿಸುವುದು, ಸತ್ತವಕ್ಕೆ ಕುಣಿ ತೋಡುವುದು ಅವನ ಪಾಲಿಗೆ ಬಂತು. ಭೀಮರಾಯ ಗೌಡರು ಹೊಲದಲ್ಲಿ ಬೇಡ ಎಂದರು. ಏರಿಯ ಮಗ್ಗುಲಲ್ಲಿ ತೋಡಿದ. ಏರಿಯ ಆಚೆಯಿಂದಲೂ ಸಲಿಕೆಯ ಸದ್ದು ಕೇಳುತ್ತಿತ್ತು. ಅವನು ನಿಲ್ಲಿಸಿದಾಗಲೂ ಆ ಸದ್ದು ನಿಲ್ಲುತ್ತಿರಲಿಲ್ಲ.

ದೀಪಾವಳಿ ಕಳೆದ ಮೇಲೆ ಅವನು ಗುಡ್ಡ ಹತ್ತಿ ಬಂದ. 

ಸಂಜೆಯಾಗಿತ್ತು. ಮೇಲೆ ಗಾಳಿ ಜೋರಾಗಿತ್ತು. ಬಂಡೆಯ ಪಕ್ಕದಲ್ಲಿ ಗುಲಾಬಿ ಗಾಳಿಗೆ ಮುಖ ಕೊಟ್ಟು ನಿಂತಿತ್ತು. ಗುಳಿಗೆ ನಿಲ್ಲಿಸಿ ಬಹಳ ದಿನವಾಗಿತ್ತು. ಬಾಲದ ಬುಡದಲ್ಲಿ ಕೂದಲು ಎರಡು ಬೆರಳು ಬೆಳೆದಿತ್ತು. ಗಾಳಿ ಅದನ್ನು ಎಬ್ಬಿಸುತ್ತಿತ್ತು.

ಹಣಮಮ್ಮ ಬಲೆಯ ಬಾಯಲ್ಲಿ ನಿಂತಿದ್ದಳು. ತಮ್ಮ ಬಂದದ್ದನ್ನು ನೋಡಿದಳು, ಎಣಿಕೆ ಬಿಡಲಿಲ್ಲ. ಜೋಡಿ ಜೋಡಿಯಾಗಿ ಕುರಿಗಳು ಒಳಗೆ ಹೋದವು. ಕೆಲವು ಇನ್ನೂ ಕುಂಟುತ್ತಿದ್ದವು. ನಾಲ್ಕು ಹರಳು ಮಡಿಲಿಗೆ ಬಿದ್ದವು, ಮೇಲೆ ಎಂಟು. ಅವಳು ಬಲೆಯ ಬಾಯಿ ಕಟ್ಟಿದಳು. ಕೈಯಲ್ಲಿ ಮೂರು ಹರಳು ಉಳಿದಿದ್ದವು. ಅವನ್ನು ಚೀಲಕ್ಕೆ ಹಾಕಲಿಲ್ಲ. ಬಗ್ಗಿ ಬಂಡೆಯ ಮೇಲೆ ಇಟ್ಟಳು.

ಸತ್ತವುಗಳ ಬಿಡಿ ಲೆಕ್ಕ ಅವಳಿಗೆ ಬಾಯಿಗೇ ಬರುತ್ತಿತ್ತು. ಹುಟ್ಟಿ ಸತ್ತ ಮರಿ, ಹುಟ್ಟದೆ ಸತ್ತ ಮರಿ ಅದರಲ್ಲಿ ಸೇರಿರಲಿಲ್ಲ. ಅಂಬಣ್ಣನವು ಮೂವತ್ತೇಳು. ಎಡಗಿವಿ ಸೀಳಿದವು ಇಪ್ಪತ್ತೊಂದು. ಲಾಲಪ್ಪನವು ತೊಂಬತ್ತನಾಲ್ಕು.